ಮಿಡಿ ಮತ್ತು ಭರಣಿ

ಮಲೆನಾಡಿನ ಹಳೆಯ ಮನೆಗಳ ಉಗ್ರಾಣದಲ್ಲಿ ಒಂದು ಭರಣಿ ಕುಳಿತಿರುತ್ತದೆ. ಮೇಲೆ ಕಂದು, ಕೆಳಗೆ ಬಿಳಿ. ತುಂಬಿದ ಮೇಲೆ ಎತ್ತಲು ಇಬ್ಬರು ಬೇಕು. ಅತ್ತೆಯಿಂದ ಸೊಸೆಗೆ ಬಂದ ಒಡವೆಗಳಲ್ಲಿ ಇದನ್ನೂ ಎಣಿಸುವವರುಂಟು. ಪೇಟೆಯ ಮನೆಗಳಲ್ಲಿ ಈಗ ಅದರ ಜಾಗಕ್ಕೆ ಪ್ಲಾಸ್ಟಿಕ್ ಡಬ್ಬಿ ಬಂದಿದೆ. ಉಪ್ಪಿನಕಾಯಿಗೆ ಬೂಸ್ಟು ಹಿಡಿಯಿತೆಂಬ ದೂರೂ ಅದರ ಹಿಂದೆಯೇ ಬಂದಿದೆ. ತಪ್ಪು ಡಬ್ಬಿಯದೊಂದೇ ಅಲ್ಲ. ಭರಣಿಯೊಡನೆ ಅದರ ಕಟ್ಟುಪಾಡುಗಳೂ ಮನೆ ಬಿಟ್ಟುವು.

ಸಾಗರ, ಹೊಸನಗರ, ಶಿರಸಿ, ಸಿದ್ಧಾಪುರದ ಕಡೆ ಹೊಳೆ ಹಳ್ಳಗಳ ದಂಡೆಯಲ್ಲಿ ತಾನಾಗಿ ಬೆಳೆದ ಕಾಡುಮಾವಿನ ಎಳೆಗಾಯಿಯೇ ಅಪ್ಪೆಮಿಡಿ. ಒಂದು ಮರದ ಮಿಡಿ ಜೀರಿಗೆಯಂತೆ, ಇನ್ನೊಂದರದು ಕರ್ಪೂರದಂತೆ ಘಮಘಮಿಸುತ್ತದೆ. ಆ ಪರಿಮಳವೆಲ್ಲ ತೊಟ್ಟಿನ ಬಳಿಯ ಸೊನೆಯಲ್ಲಿದೆ. ಆದ್ದರಿಂದ ಗೊರಟು ಬಲಿಯುವ ಮುನ್ನ, ತೊಟ್ಟು ಸಹಿತ, ನೆಲಕ್ಕೆ ಬೀಳದಂತೆ ಕೊಯ್ಯಬೇಕು. ಪೆಟ್ಟು ತಿಂದ ಮಿಡಿ ತಾನೂ ಕೊಳೆತು ನೆರೆಯವನ್ನೂ ಕೆಡಿಸುತ್ತದೆ.

ನಾಲ್ಕು ಪಾಲು ಮಿಡಿಗೆ ಒಂದು ಪಾಲು ಹರಳುಪ್ಪು. ಒಂದು ಪದರ ಮಿಡಿ, ಒಂದು ಪದರ ಉಪ್ಪು, ಹೀಗೆ ತುಂಬಿ ಬಾಯಿಗೆ ಬಟ್ಟೆ ಕಟ್ಟಿಟ್ಟರೆ, ಉಪ್ಪು ಕಾಯಿಯೊಳಗಿನ ನೀರನ್ನು ಹೊರಗೆಳೆಯುತ್ತದೆ. ಕೆಲವು ದಿನಗಳಲ್ಲಿ ಮಿಡಿ ಮುರುಟಿ, ತನ್ನದೇ ಉಪ್ಪುನೀರಿನಲ್ಲಿ ಮುಳುಗುತ್ತದೆ. ಕೊಳೆಸುವ ಸೂಕ್ಷ್ಮಜೀವಿಗಳ ಗತಿಯೂ ಇದೇ. ಅವುಗಳ ಮೈಯ ನೀರನ್ನೂ ಉಪ್ಪು ಬಿಡುವುದಿಲ್ಲ. ಆಮೇಲೆ ಆ ನೀರನ್ನೇ ಕುದಿಸಿ, ಪೂರ್ಣ ಆರಿಸಿ, ಅದರಲ್ಲೇ ಸಾಸಿವೆ ಮೆಣಸಿನಕಾಯಿ ರುಬ್ಬಿ ಬೆರೆಸುತ್ತಾರೆ. ಬೇರೆ ನೀರು ಒಂದು ಹನಿಯೂ ಸೇರಕೂಡದು.

ಒಂದು ವರ್ಷ ರಕ್ತದೊತ್ತಡಕ್ಕೆ ಅಂಜಿ ನಾನೇ ಉಪ್ಪನ್ನು ಅರ್ಧಕ್ಕಿಳಿಸಿದೆ. ಶ್ರಾವಣ ಬರುವಷ್ಟರಲ್ಲಿ ಮಿಡಿ ಲೊಳಲೊಳನೆ ಆಗಿತ್ತು. ಮನೆಯವರು ಬೈಯಲಿಲ್ಲ, ಭರಣಿಯನ್ನು ಅಂಗಳಕ್ಕೆ ತಂದು ಸುರಿದರು. ಉಪ್ಪಿಗೆ ಹೆದರುವವರು ತಟ್ಟೆಯಲ್ಲಿ ಮಿಡಿಯನ್ನು ಕಡಿಮೆ ಮಾಡಬೇಕೇ ಹೊರತು ಭರಣಿಯಲ್ಲಿ ಉಪ್ಪನ್ನಲ್ಲ.

ಇನ್ನು ಭರಣಿಯ ಗುಣ. ಹೆಚ್ಚು ಕಾವಿನಲ್ಲಿ ಸುಟ್ಟ ಮಣ್ಣಿಗೆ ಗಾಜಿನಂಥ ಮೆರುಗಿನ ಲೇಪವಿದೆ. ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಪಾತ್ರೆಗಳನ್ನು ಹುಳಿಯೂ ಉಪ್ಪೂ ತಿನ್ನುತ್ತವೆ. ಈ ಲೇಪವನ್ನು ತಿನ್ನಲಾರವು. ದಪ್ಪ ಗೋಡೆ ಬೆಳಕನ್ನೂ ಬಿಡುವುದಿಲ್ಲ, ಸೆಕೆಯನ್ನೂ ತಟ್ಟನೆ ಒಳಗೆ ಸೇರಿಸುವುದಿಲ್ಲ. ಹಳೆಯ ಭರಣಿಯನ್ನು ಅಟ್ಟದಿಂದ ಇಳಿಸಿದಾಗ ಬೆರಳಿನಿಂದ ತಟ್ಟಿ ನೋಡಿ. ಟಣ್ ಎಂದರೆ ಗಟ್ಟಿ. ದಬ್ ಎಂದರೆ ಬಿರುಕು ಬಿಟ್ಟಿದೆ, ಅದರಲ್ಲಿ ಅಕ್ಕಿ ತುಂಬಿಕೊಳ್ಳಿ. ತೊಳೆದದ್ದನ್ನು ಎರಡು ದಿನ ಬಿಸಿಲಿಗಿಡಿ. ತೆಗೆಯಲು ಒಣಗಿದ ಮರದ ಸೌಟೇ ಇರಲಿ.

ಮಿಡಿಗೆ ಬೆಲೆ ಬಂದ ಮೇಲೆ ಕೊಂಬೆಯನ್ನೇ ಕಡಿದು ಕೊಯ್ಯುವವರು ಹುಟ್ಟಿಕೊಂಡರು; ಎಷ್ಟೋ ಒಳ್ಳೆಯ ಮರಗಳು ಹಾಗೆ ಹೋದುವು. ಈಗ ಆಯ್ದ ಮರಗಳ ಕಸಿ ಗಿಡಗಳು ಸಿಗುತ್ತವೆ, ಫಲಕ್ಕೆ ಕೆಲವು ವರ್ಷ ಕಾಯಬೇಕು. ಅಲ್ಲಿಯವರೆಗೆ ಪೇಟೆಯಲ್ಲಿ ಕೊಳ್ಳುವಾಗ ತೊಟ್ಟಿದೆಯೇ ಎಂದು ನೋಡಿ ಕೊಳ್ಳಿ. ಏಪ್ರಿಲ್ ಕೊನೆಗೆ ಭರಣಿ ಮಳೆ ಹಿಡಿಯುವ ಮೊದಲು ಭರಣಿ ತುಂಬಿರಲಿ. ಹೆಸರಿನ ಸಾಮ್ಯ ಆಕಸ್ಮಿಕ, ಆದರೆ ಮಳೆ ಬಿದ್ದ ಮೇಲೆ ಬಿಸಿಲನ್ನು ನಂಬುವ ಹಾಗಿಲ್ಲ.