ಪಡುಮಲೆಯಿಂದ ಕ್ರಿಪ್ಟಾನ್‌ವರೆಗೆ: ವೀರರ ಹುಟ್ಟಿನ ಕಥೆ

ವೀರನ ಕಥೆ ಹೇಳುವವರಿಗೆ ಎಲ್ಲಕ್ಕಿಂತ ಕಷ್ಟದ ಭಾಗ ಅವನ ಹುಟ್ಟು. ಕಾಳಗವನ್ನು ಬಣ್ಣಿಸುವುದು ಸುಲಭ. ಆದರೆ ಇವನಿಗೆ ಇಷ್ಟೊಂದು ಬಲ ಎಲ್ಲಿಂದ ಬಂತು, ಇವನು ಅದನ್ನು ಯಾರಿಗಾಗಿ ಬಳಸಬೇಕು ಎಂಬ ಪ್ರಶ್ನೆಗಳಿಗೆ ಮೊದಲೇ ಉತ್ತರ ಸಿಗದಿದ್ದರೆ ಮುಂದಿನ ಕಾಳಗಗಳೆಲ್ಲ ಬರೀ ಹೊಡೆದಾಟವಾಗಿ ಉಳಿಯುತ್ತವೆ. ಅಮೆರಿಕದ ಕಾಮಿಕ್ಸ್ ಈ ಕೆಲಸಕ್ಕೆ ಕೈ ಹಾಕಿದ್ದು 1938ರಲ್ಲಿ, ಸೂಪರ್‌ಮ್ಯಾನ್ ಬಂದಾಗ. ಪುತ್ತೂರು, ಸುಳ್ಯ, ಕಡಬದ ಮಣ್ಣಿನಲ್ಲಿ ತುಳುವಿನ ಕಥನಗೀತೆಯಾದ ಪಾಡ್ದನವನ್ನು ಹಾಡುವವರು ಅದಕ್ಕಿಂತ ಎಷ್ಟೋ ಹಿಂದಿನಿಂದ ಅದನ್ನೇ ಮಾಡುತ್ತ ಬಂದಿದ್ದಾರೆ. ಕಾಮಿಕ್ಸ್ ತನ್ನ ವೀರರನ್ನು ಮತ್ತೆ ಮತ್ತೆ ಹೊಸದಾಗಿ ಹುಟ್ಟಿಸುವುದು ಯಾಕೆ ಎಂಬುದನ್ನು ತಿಳಿಯಲು ತುಳುನಾಡಿನ ವೀರರಾದ ಕೋಟಿ ಚೆನ್ನಯರ ಕಥೆಗಿಂತ ಒಳ್ಳೆಯ ದಾರಿ ನಮಗೆ ಇಲ್ಲ.

ಪುತ್ತೂರು ತಾಲೂಕಿನ ಬಡಗನ್ನೂರು ಗ್ರಾಮದಲ್ಲಿ ಪಡುಮಲೆ ಇದೆ. ಅಲ್ಲಿಯ ಪೆರುಮಲೆ ಬಲ್ಲಾಳನ ಕಾಲಿಗೆ ಬೇಟೆಯಲ್ಲಿ ಮುಳ್ಳು ನಾಟಿತು. ಗಾಯ ಕೀವುಗಟ್ಟಿತು, ಯಾವ ಮದ್ದಿಗೂ ಬಗ್ಗಲಿಲ್ಲ. ಸೊಪ್ಪು ಬೇರುಗಳ ಗುಣ ಬಲ್ಲ ದೇಯಿ ಬೈದೆತಿಯನ್ನು ಕರೆಸಿದರು. ಆಕೆ ಆಗ ತುಂಬಿದ ಬಸುರಿ. ಆ ಸ್ಥಿತಿಯಲ್ಲೇ ಬಂದು ಅರಸನನ್ನು ಉಳಿಸಿದಳು. ಬಲ್ಲಾಳ ಉಡುಗೊರೆಯ ಮಾತು ಕೊಟ್ಟ. ಕೋಟಿ, ಚೆನ್ನಯ ಎಂಬ ಅವಳಿ ಗಂಡುಮಕ್ಕಳನ್ನು ಹೆತ್ತ ದೇಯಿ ಹೆಚ್ಚು ಕಾಲ ಬದುಕಲಿಲ್ಲ. ಮಕ್ಕಳು ಬೆಳೆದರು, ಅವರ ಗದ್ದೆಯ ಪಕ್ಕದಲ್ಲೇ ಅರಸನ ಮಂತ್ರಿ ಮಲ್ಲಯ್ಯ ಬುದ್ಧಿವಂತನ ಗದ್ದೆ. ಬಿತ್ತನೆಯ ಹೊತ್ತಿಗೆ ನೀರಿನ ವಿಚಾರದಲ್ಲಿ ಎದ್ದ ಜಗಳ ಕೊಲೆಯಲ್ಲಿ ಮುಗಿಯಿತು. ಆಮೇಲೆ ಅಣ್ಣತಮ್ಮಂದಿರು ಬೀಡಿಗೆ ಹೋಗಿ, ತಾಯಿಗೆ ಕೊಟ್ಟ ಮಾತನ್ನು ನಡೆಸಿಕೊಡು ಎಂದು ಕೇಳುತ್ತಾರೆ. ಬಲ್ಲಾಳ ಒಪ್ಪುವುದಿಲ್ಲ. ಅವರು ಪಡುಮಲೆ ಬಿಡುತ್ತಾರೆ. ಮುಂದೆ ಅಕ್ಕ ಕಿನ್ನಿದಾರು ಇರುವ ಪಂಜ, ಅಲ್ಲಿಂದ ಎಣ್ಮೂರು. ಎಣ್ಮೂರಿನ ಯುದ್ಧದಲ್ಲಿ ಕೋಟಿ ಬಾಣ ತಾಗಿ ಬಿದ್ದಾಗ ಚೆನ್ನಯನೂ ಅಣ್ಣನ ಬೆನ್ನಿಗೇ ಪ್ರಾಣ ಬಿಟ್ಟ. ಇಂದು ತುಳುನಾಡಿನ ಉದ್ದಗಲಕ್ಕೂ ಗರಡಿಗಳಲ್ಲಿ ಬೈದೆರ್ಲುಗಳೆಂದು ಕರೆಯುವ ಇವರಿಗೆ ನೇಮ ನಡೆಯುತ್ತದೆ.

ಈ ಕಥೆಯಲ್ಲಿ ವೀರರ ತೋಳ್ಬಲಕ್ಕಿಂತ ಮೊದಲು ಬರುವುದು ಒಂದು ಸಾಲ. ಹೆರಿಗೆ ಹತ್ತಿರವಿದ್ದ ಹೆಣ್ಣುಮಗಳೊಬ್ಬಳು ಮಾಡಿದ ಉಪಕಾರವನ್ನು ಅರಸ ತೀರಿಸಲಿಲ್ಲ. ಮುಂದಿನದ್ದೆಲ್ಲ ಅದರ ಬೆನ್ನು ಹಿಡಿದೇ ಬರುತ್ತದೆ. ಹುಟ್ಟಿನ ಕಥೆಯ ಗುಟ್ಟು ಶಕ್ತಿಯಲ್ಲಿ ಇಲ್ಲ, ಋಣದಲ್ಲಿದೆ ಎಂದು ನಾನು ನಂಬಿದ್ದೇನೆ.

ಕಾಮಿಕ್ಸ್‌ನ ದೊಡ್ಡ ವೀರರನ್ನು ಈ ಕಣ್ಣಿನಿಂದ ನೋಡಿ. ಬ್ಯಾಟ್‌ಮ್ಯಾನ್ 1939ರ ಮೇ ಸಂಚಿಕೆಯಲ್ಲಿ ಬಂದಾಗ ಅವನಿಗೆ ಹುಟ್ಟಿನ ಕಥೆಯೇ ಇರಲಿಲ್ಲ. ತಂದೆತಾಯಿ ಕಣ್ಣೆದುರೇ ಕೊಲೆಯಾದ ಹುಡುಗ ಎಂಬುದು ಅದೇ ವರ್ಷದ ನವೆಂಬರಿನಲ್ಲಿ ಸೇರಿತು. ಅಲ್ಲಿಂದ ಮುಂದೆ ಅವನು ಬೇರೆಯೇ ಮನುಷ್ಯನಾದ. 1962ರ ಸ್ಪೈಡರ್‌ಮ್ಯಾನ್‌ಗೆ ಜೇಡ ಕಚ್ಚಿ ಬಲ ಬಂದದ್ದು ಕಥೆಯ ಅರ್ಧ ಮಾತ್ರ. ಕೈಗೆ ಸಿಕ್ಕ ಕಳ್ಳನನ್ನು ಅಸಡ್ಡೆಯಿಂದ ಬಿಟ್ಟ, ಅದೇ ಕಳ್ಳ ಅವನ ಚಿಕ್ಕಪ್ಪನನ್ನು ಕೊಂದ. ಆ ಋಣ ಅವನನ್ನು ಇವತ್ತಿಗೂ ಬಿಟ್ಟಿಲ್ಲ. ಸೂಪರ್‌ಮ್ಯಾನ್‌ನ ಮಾತು ಬೇರೆ. ಸಾಯುತ್ತಿರುವ ಕ್ರಿಪ್ಟಾನ್ ಗ್ರಹದ ಮಗುವನ್ನು ರೈತ ದಂಪತಿ ಸಾಕಿದರು ಎಂಬ ಕಥೆಯನ್ನು 1986ರಲ್ಲಿ ಜಾನ್ ಬರ್ನ್ ಪೂರ್ತಿ ತಿದ್ದಿ ಬರೆದ. ಹಳೆಯ ವೈಭವದ ಕ್ರಿಪ್ಟಾನ್ ಅವನ ಕೈಯಲ್ಲಿ ಪ್ರೀತಿಯೇ ಇಲ್ಲದ ತಣ್ಣನೆಯ ಲೋಕವಾಯಿತು. ಆಗ ಸಾಕಿದವರ ಋಣ ಹೆತ್ತವರದಕ್ಕಿಂತ ದೊಡ್ಡದಾಗುತ್ತದೆ. 2005ರಲ್ಲಿ ಗ್ರಾಂಟ್ ಮಾರಿಸನ್ ಮತ್ತು ಫ್ರ್ಯಾಂಕ್ ಕ್ವೈಟ್ಲಿ ಅದೇ ಕಥೆಯನ್ನು ಒಂದೇ ಪುಟದ ನಾಲ್ಕು ಚೌಕಗಳಲ್ಲಿ, ಎಂಟು ಪದಗಳಲ್ಲಿ ಮುಗಿಸಿದರು. ಎಲ್ಲರಿಗೂ ಗೊತ್ತಿರುವ ಕಥೆಗೆ ಅಷ್ಟು ಸಾಕು. ಗರಡಿಯ ನೇಮಕ್ಕೆ ಬಂದವರಿಗೂ ಪಡುಮಲೆಯ ಜಗಳವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಹುಟ್ಟಿನ ಕಥೆಯನ್ನು ಯಾರು ಹೇಳುತ್ತಾರೆ ಎಂಬುದು ಇದಕ್ಕಿಂತ ಗಂಭೀರವಾದ ಸಂಗತಿ. ದೇಯಿಯ ಮೂಲದ ಬಗ್ಗೆ ಪಾಡ್ದನಗಳಲ್ಲಿ ಒಂದೇ ಮಾತಿಲ್ಲ. ಆಕೆ ಕೇಂಜವ ಹಕ್ಕಿಯ ಮೊಟ್ಟೆಯಿಂದ ಬಂದವಳು ಎಂದು ಹೇಳುವುದುಂಟು. ಬ್ರಾಹ್ಮಣರ ಮನೆಯಲ್ಲಿ ಸುವರ್ಣ ಕೇದಗೆ ಎಂಬ ಹೆಸರಿನಿಂದ ಬೆಳೆದು, ಮದುವೆಗೆ ಮುಂಚೆ ಮೈನೆರೆದಳೆಂದು ಕಾಡಿಗೆ ಬಿಟ್ಟ ಹುಡುಗಿ, ಸಾಯನ ಬೈದ್ಯ ಅವಳನ್ನು ಮನೆಗೆ ಕರೆತಂದ ಎನ್ನುವುದುಂಟು. ಬ್ರಾಹ್ಮಣ ಮೂಲದ ಈ ಎಳೆ ಆಮೇಲೆ ಸೇರಿಸಿದ್ದು, ಬಿಲ್ಲವ ವೀರರ ಬಲಕ್ಕೆ ಮೇಲ್ಜಾತಿಯ ರಕ್ತದ ಕಾರಣ ಕೊಡುವ ಯತ್ನ ಎಂಬ ವಾದವೂ ಇದೆ. ಆ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಹಾಡಾಗಿದ್ದ ಈ ಕಥೆಗಳು ಆಮೇಲೆ ಅಚ್ಚಿಗೂ ಬಂದವು: 1886ರಲ್ಲಿ ಬಾಸೆಲ್ ಮಿಷನ್ನಿನ ಮ್ಯಾನರ್ ಮಂಗಳೂರಿನಲ್ಲಿ ಪಾಡ್ದನಗಳನ್ನು ಅಚ್ಚು ಹಾಕಿಸಿದರು. ಬರ್ನೆಲ್ ಸಂಗ್ರಹಿಸಿದ್ದವು 1890ರ ದಶಕದಲ್ಲಿ ಇಂಗ್ಲಿಷಿಗೆ ಹೋದವು. ಪಂಜೆ ಮಂಗೇಶರಾಯರು ಕೋಟಿ ಚೆನ್ನಯರ ಕಥೆಯನ್ನು ಕನ್ನಡ ಗದ್ಯದಲ್ಲಿ ಹೇಳಿದರು. ಅವರ ಹೆಸರಿನ ಜೊತೆಗಿರುವ ಊರು ಇದೇ ಸುಳ್ಯ ಸೀಮೆಯ ಪಂಜ. ಆಮೇಲೆ ಯಕ್ಷಗಾನ ಬಂತು, 1973ರಲ್ಲಿ ವಿಶುಕುಮಾರ್ ಅವರ ತುಳು ಸಿನಿಮಾ ಬಂತು. ಬಾಯಿಂದ ಬಾಯಿಗೆ ಹರಿಯುತ್ತಿದ್ದುದು ಅಚ್ಚಿಗೆ ಇಳಿದ ಕೂಡಲೇ ಒಂದು ಹೇಳಿಕೆ ಗಟ್ಟಿಯಾಗುತ್ತದೆ, ಉಳಿದವು ಮೆಲ್ಲನೆ ಮರೆಯಾಗುತ್ತವೆ.

ಅಮೆರಿಕದ ಕಾಮಿಕ್ಸ್‌ಗೂ ಇದೇ ಪ್ರಶ್ನೆ ಎದುರಾಯಿತು. ಕ್ಯಾಪ್ಟನ್ ಅಮೆರಿಕ 1941ರಿಂದ ಬಿಳಿಯ ಸೈನಿಕ: ಪ್ರಯೋಗಾಲಯದಲ್ಲಿ ಮದ್ದು ಚುಚ್ಚಿಸಿಕೊಂಡು ಬಲಿಷ್ಠನಾದವನು. 2003ರಲ್ಲಿ ರಾಬರ್ಟ್ ಮೊರಾಲೆಸ್ ಮತ್ತು ಕೈಲ್ ಬೇಕರ್ ಒಂದು ಕಥೆ ಬರೆದರು. ಆ ಮದ್ದನ್ನು ಕಪ್ಪು ಸೈನಿಕರ ಮೇಲೆ ಒಪ್ಪಿಗೆ ಇಲ್ಲದೆ ಪ್ರಯೋಗಿಸಿದ್ದರು, ಹೆಚ್ಚಿನವರು ಸತ್ತರು, ಉಳಿದ ಐಸಾಯ ಬ್ರಾಡ್ಲಿಯನ್ನು ಸೆರೆಗೆ ತಳ್ಳಿದರು ಎಂದು ಅಲ್ಲಿ ಬರುತ್ತದೆ. ಅಲಬಾಮಾದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಕಪ್ಪು ಜನರಿಗೆ ಸಿಫಿಲಿಸ್ ಚಿಕಿತ್ಸೆ ಕೊಡದೆ ಬರೀ ಗಮನಿಸುತ್ತ ಕುಳಿತ ನಿಜವಾದ ಪ್ರಕರಣ ಅದರ ಹಿಂದಿದೆ. ಹಳೆಯ ಓದುಗರಲ್ಲಿ ಹಲವರು ಸಿಟ್ಟಾದರು. ಆದರೆ ಹುಟ್ಟಿನ ಕಥೆಯನ್ನು ಮರಳಿ ಬರೆಯುವುದಕ್ಕೆ ಇದಕ್ಕಿಂತ ಯೋಗ್ಯವಾದ ಕಾರಣ ನನಗೆ ತೋರುವುದಿಲ್ಲ.

ಇನ್ನು ಆಲನ್ ಮೂರ್. ಈ ಇಂಗ್ಲಿಷ್ ಬರಹಗಾರ 1984ರಲ್ಲಿ ‘ಸ್ವಾಂಪ್ ಥಿಂಗ್’ ಎಂಬ ಮೂಲೆಗುಂಪಾಗಿದ್ದ ಪಾತ್ರವನ್ನು ಕೈಗೆತ್ತಿಕೊಂಡ. ವಿಜ್ಞಾನಿಯೊಬ್ಬ ಸ್ಫೋಟದಲ್ಲಿ ಸುಟ್ಟು ಜವುಗಿಗೆ ಬಿದ್ದು ಗಿಡಗಂಟಿಯ ಮೈಯವನಾದ, ಮತ್ತೆ ಮನುಷ್ಯನಾಗಲು ಹಂಬಲಿಸುತ್ತಿದ್ದಾನೆ ಎಂಬುದು ಹಳೆಯ ಕಥೆ. ಮೂರ್ ಬರೆದ ಸಂಚಿಕೆಯಲ್ಲಿ ಅವನ ಶವವನ್ನು ಕೊಯ್ದು ನೋಡುತ್ತಾರೆ. ಒಳಗೆ ಹೃದಯ, ಶ್ವಾಸಕೋಶದಂಥ ಆಕಾರಗಳು ಇವೆ, ಆದರೆ ಅವು ಯಾವ ಕೆಲಸವನ್ನೂ ಮಾಡಲಾರದ ಬರೀ ನಾರು. ವಿಜ್ಞಾನಿ ಸ್ಫೋಟದ ದಿನವೇ ಸತ್ತಿದ್ದ. ಜವುಗಿನ ಸಸ್ಯಗಳು ಅವನ ನೆನಪನ್ನು ಹೀರಿಕೊಂಡು ತಾವೇ ಅವನು ಎಂದು ನಂಬಿದ್ದವು. ಹಿಂದಿನ ಸಂಚಿಕೆಗಳ ಒಂದು ಘಟನೆಯನ್ನೂ ಮೂರ್ ಸುಳ್ಳು ಮಾಡಲಿಲ್ಲ. ಆದರೂ ಎಲ್ಲದರ ಅರ್ಥ ತಿರುಗಿಹೋಯಿತು.

ತಾಳಮದ್ದಳೆ ಕೇಳಿ ಬೆಳೆದವರಿಗೆ ಈ ವಿದ್ಯೆ ಹೊಸದಲ್ಲ. ಪದ್ಯ ಅದೇ, ಪ್ರಸಂಗ ಅದೇ. ಆದರೆ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯೋ ರಾವಣನೋ ಮಾತಾಡಿದಾಗ ಕೇಳುಗರ ತಕ್ಕಡಿ ಅತ್ತ ವಾಲುತ್ತಿತ್ತು. ಖಳನಿಗೂ ಹುಟ್ಟಿನ ಕಥೆ ಬೇಕು ಎಂಬುದು ಯಕ್ಷಗಾನಕ್ಕೆ ಹಿಂದೆಯೇ ತಿಳಿದಿತ್ತು. ಸಂಸ್ಕೃತದ ಸಪ್ತಶತಿಯಲ್ಲಿ ಮಹಿಷಾಸುರ ನೇರವಾಗಿ ದೈತ್ಯರ ಒಡೆಯನಾಗಿಯೇ ಬರುತ್ತಾನೆ, ಅವನ ತಾಯಿಯ ಸುದ್ದಿ ಇಲ್ಲ. ಪುತ್ತೂರು ಸುಳ್ಯದ ಬಯಲುಗಳಲ್ಲಿ ಹರಕೆಯಾಟವಾಗಿ ನಡೆಯುವ ದೇವಿಮಹಾತ್ಮೆಯಲ್ಲಿ ಮಾಲಿನಿ ಇದ್ದಾಳೆ: ದೇವತೆಗಳ ಕೈಯಲ್ಲಿ ಸೋತ ಕುಲದ ಹೆಣ್ಣು, ಆ ಸೇಡಿಗಾಗಿ ಮಗನನ್ನು ಬಯಸಿದವಳು. ಮಹಿಷನ ಆರ್ಭಟದ ಹಿಂದೆ ಒಂದು ಮನೆಯ ದುಃಖ ಕಾಣುವುದು ಇವಳಿಂದ.

ಲೋಕಗಳ ಕಥೆಗೆ ಬರೋಣ. ಕಾಮಿಕ್ಸ್‌ನಲ್ಲಿ ಬ್ರಹ್ಮಾಂಡವನ್ನೇ ಬರೆದವನು ಜ್ಯಾಕ್ ಕರ್ಬಿ. 1966ರಲ್ಲಿ ಅವನು ಮತ್ತು ಸ್ಟ್ಯಾನ್ ಲೀ ಗೆಲಾಕ್ಟಸ್‌ನನ್ನು ಸೃಷ್ಟಿಸಿದರು. ಗ್ರಹಗಳನ್ನೇ ತಿಂದು ಬದುಕುವ ಹಸಿವು ಅವನದು. ಪಕ್ಕದಲ್ಲಿ ನಮ್ಮ ದೈವ ಗುಳಿಗನನ್ನು ನಿಲ್ಲಿಸಿ. ಪಾರ್ವತಿ ತಂದ ಬೂದಿಯಲ್ಲಿ ಸಿಕ್ಕ ಕಲ್ಲನ್ನು ಈಶ್ವರ ಎಸೆದಾಗ ಹುಟ್ಟಿದವನು, ಹಣ್ಣೆಂದು ಸೂರ್ಯನನ್ನೇ ನುಂಗಲು ಹೊರಟವನು ಅವನು. ಯಾವುದರಿಂದಲೂ ತಣಿಯದ ಅವನ ಹಸಿವಿಗೆ ಕೊನೆಗೆ ವಿಷ್ಣುವಿನ ಕಿರುಬೆರಳು ಬೇಕಾಯಿತು. ಎರಡೂ ಒಂದೇ ಅಳತೆಯ ಕಲ್ಪನೆ. ಆದರೆ ಗೆಲಾಕ್ಟಸ್ ಭೂಮಿಯನ್ನು ಬಿಟ್ಟು ಮತ್ತೊಂದು ಗ್ರಹ ಹುಡುಕುತ್ತ ಹೋಗುತ್ತಾನೆ. ಗುಳಿಗ ಭೂಮಿಗೆ ಇಳಿಯುತ್ತಾನೆ, ತೋಟದ ಮೂಲೆಯ ಮರದ ಬುಡದಲ್ಲಿ ಒಂದು ಕಲ್ಲಿನಲ್ಲಿ ನೆಲೆಸಿ ಕಾಯುವ ಕೆಲಸ ವಹಿಸಿಕೊಳ್ಳುತ್ತಾನೆ. ಕೈಲಾಸದಿಂದ ಹೊರಟ ಪಂಜುರ್ಲಿಯೂ ಹಾಗೆಯೇ. ನಮ್ಮ ದೈವಗಳ ಕಥೆ ಆಕಾಶದಲ್ಲಿ ಶುರುವಾಗಿ ಘಟ್ಟ ಇಳಿದು, ಒಂದು ಊರಿನ ಒಂದು ಮನೆಯಲ್ಲಿ ನಿಲ್ಲುತ್ತದೆ. ಕುಕ್ಕೆಯಲ್ಲಂತೂ ತಾರಕನನ್ನು ಕೊಂದ ಕುಮಾರನ ಆಯುಧ ತೊಳೆದ ನೀರು ಇದೇ ಎಂದು ಕುಮಾರಧಾರೆಯನ್ನು ತೋರಿಸುತ್ತಾರೆ, ಆ ನೀರು ಕಡಬದ ಗದ್ದೆ ತೋಟಗಳ ಬದಿಯಲ್ಲಿ ಹರಿದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ವಿಶ್ವದ ಕಥೆಗೆ ಇಷ್ಟು ಗಟ್ಟಿಯಾದ ವಿಳಾಸ ಕೊಡುವುದು ಕರ್ಬಿಗೆ ಸಾಧ್ಯವಾಗಲಿಲ್ಲ.

ಹೇಳಿಕೆಗಳು ಹೆಚ್ಚಾದಾಗ ಏನು ಮಾಡುವುದು ಎಂಬುದರಲ್ಲೂ ದಾರಿ ಬೇರೆಯಾಗುತ್ತದೆ. ಕಾಮಿಕ್ಸ್ ಪ್ರಕಟಿಸುವ ಡಿಸಿ ಕಂಪನಿ 1961ರಲ್ಲಿ ಹಳೆಯ ವೀರರಿಗೆ ಎರಡನೆಯ ಭೂಮಿಯನ್ನು ಕಟ್ಟಿತು. ಭೂಮಿಗಳು ಬೆಳೆದು ಗೋಜಲಾದಾಗ 1985ರಲ್ಲಿ ಹನ್ನೆರಡು ಸಂಚಿಕೆಗಳ ಒಂದು ಮಹಾಪ್ರಳಯ ನಡೆಸಿ ಎಲ್ಲವನ್ನೂ ಒಂದೇ ಭೂಮಿಗೆ ಇಳಿಸಿತು. ಕೆಲವೇ ವರ್ಷಗಳಲ್ಲಿ ಮತ್ತೆ ಗೋಜಲು. ಪಾಡ್ದನಕ್ಕೆ ಅಂಥ ಪ್ರಳಯ ಬೇಕಾಗಲಿಲ್ಲ. ಒಂದು ಗರಡಿಯ ಹೇಳಿಕೆ ಇನ್ನೊಂದರಂತೆ ಇಲ್ಲದಿದ್ದರೆ ನೇಮ ನಿಲ್ಲುವುದಿಲ್ಲ.

ಕನ್ನಡದ ಮಕ್ಕಳು ಕಾಮಿಕ್ಸ್‌ನ ಈ ಲೋಕವನ್ನು ಹೊರಗಿನಿಂದ ಮಾತ್ರ ನೋಡಿದವರಲ್ಲ. ಇಂದ್ರಜಾಲ ಕಾಮಿಕ್ಸ್‌ನಲ್ಲಿ ಫ್ಯಾಂಟಮ್ ಬಂದ. ಭಾರತದ ಓದುಗರಿಗಾಗಿ ಅವನ ‘ಬೆಂಗಾಲಿ’ ಕಾಡು ಡೆಂಕಾಲಿ ಆಯಿತು. ಅಮರ ಚಿತ್ರಕಥೆಯನ್ನು ಕಟ್ಟಿ ಬೆಳೆಸಿದ ಅನಂತ ಪೈ ಕಾರ್ಕಳದವರು. ಆ ಮಾಲೆಯ ಮೊದಲ ಪುಸ್ತಕಗಳು 1965ರಲ್ಲಿ ಬಂದದ್ದು ಬೆಂಗಳೂರಿನಿಂದ, ಜಿ.ಕೆ. ಅನಂತರಾಮ್ ಅವರ ಉತ್ಸಾಹದಿಂದ, ಕನ್ನಡದಲ್ಲಿ. ಅವು ಪಾಶ್ಚಾತ್ಯ ಅಜ್ಜಿಕಥೆಗಳು. ಕೃಷ್ಣನ ಕಥೆ ಹನ್ನೊಂದನೆಯದು. ಕರಾವಳಿಯ ಮನೆಗಳಲ್ಲಿ ಬಾಲಮಂಗಳದ ಡಿಂಗ ಇದ್ದ. ಮಲಯಾಳದಲ್ಲಿ 1983ರಲ್ಲಿ ಡಿಂಕನ್ ಎಂದು ಹುಟ್ಟಿದ ಈ ಇಲಿಯನ್ನು ಬೇರೊಂದು ಗ್ರಹದವರು ಎತ್ತಿಕೊಂಡು ಹೋಗಿ ಪ್ರಯೋಗ ಮಾಡಿದ್ದರಿಂದ ಅವನಿಗೆ ಬಲ ಬಂತು. 2004ರಲ್ಲಿ ಸ್ಪೈಡರ್‌ಮ್ಯಾನ್ ಮುಂಬಯಿಯ ಪವಿತ್ರ್ ಪ್ರಭಾಕರನಾದ, ಧೋತಿ ಉಟ್ಟ, ಜೇಡದ ಬದಲು ಯೋಗಿಯಿಂದ ಶಕ್ತಿ ಪಡೆದ. ಅದು ನನಗೆ ಅರೆಮನಸ್ಸಿನ ಕೆಲಸವಾಗಿ ಕಾಣುತ್ತದೆ. ಉಡುಪು ಬದಲಾಯಿತು, ಋಣ ಮಾತ್ರ ನ್ಯೂಯಾರ್ಕಿನದ್ದೇ ಉಳಿಯಿತು. 2022ರ ‘ಕಾಂತಾರ’ ಇದಕ್ಕಿಂತ ಆಳಕ್ಕೆ ಹೋಯಿತು. ದೈವಕ್ಕೆ ಬದಲಾಗಿ ಅರಸ ಕೊಟ್ಟ ನೆಲ, ಮುರಿದ ಮಾತು ಅದರ ಬುಡದಲ್ಲಿವೆ. 2025ರಲ್ಲಿ ಬಂದ ಮುಂದಿನ ಸಿನಿಮಾ ಹಿಂದಕ್ಕೆ ಹೋಗಿ ಹುಟ್ಟಿನ ಕಥೆಯನ್ನೇ ಹೇಳಿತು.

ಚಿತ್ರ ಬರೆಯುವ ಕೈಗಳು ಪುತ್ತೂರು, ಸುಳ್ಯ, ಕಡಬದಲ್ಲಿ ಬೇಕಾದಷ್ಟಿವೆ. ಶಿವರಾಮ ಕಾರಂತರು ದಶಕಗಳ ಕಾಲ ಬಾಳಿದ ಬಾಲವನ ಇರುವುದೂ ಪುತ್ತೂರಿನಲ್ಲೇ, ಜಗತ್ತಿನ ತಿಳಿವನ್ನು ‘ಬಾಲ ಪ್ರಪಂಚ’ದ ಮೂರು ಸಂಪುಟಗಳಲ್ಲಿ ಕನ್ನಡದ ಮಕ್ಕಳ ಕೈಗೆ ಇಟ್ಟವರು ಅವರು. ಕೋಟಿ ಚೆನ್ನಯರನ್ನು ಕಾಮಿಕ್ಸ್ ಮಾಡಲು ಹೊರಡುವ ಯುವಕ ಯುವತಿಯರಲ್ಲಿ ನನ್ನ ಕೋರಿಕೆ ಇಷ್ಟು: ಮೊದಲ ಪುಟದಲ್ಲಿ ಸುರಿಗೆ ಬೇಡ, ಸೊಪ್ಪು ಅರೆಯುತ್ತಿರುವ ದೇಯಿ ಇರಲಿ. ಬರೆಯುವ ಮೊದಲು ಪಡುಮಲೆ, ಪಂಜ, ಎಣ್ಮೂರುಗಳಿಗೆ ಹೋಗಿ ಬನ್ನಿ, ಪಾಡ್ದನ ಬಲ್ಲ ಹಿರಿಯರು ಎಲ್ಲಿದ್ದರೂ ಹುಡುಕಿ ಕುಳಿತು ಕೇಳಿ, ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಹೊಂದದಿದ್ದರೆ ಎರಡನ್ನೂ ಬರೆದಿಟ್ಟುಕೊಳ್ಳಿ.