ಡಬ್ಬಿಯ ಹೆಸರು ಬೇರೆ, ಒಳಗಿನ ಪದಾರ್ಥ ಬೇರೆ



ಕನ್ನಡ ಸಂಘಗಳ ರಾಜ್ಯೋತ್ಸವ, ಯಕ್ಷಗಾನ, ನಾಟಕ ಎಲ್ಲ ಮುಗಿದ ಮೇಲೆ ನಮ್ಮ ವಿಭಾಗಕ್ಕೆ ಬರುವ ಪತ್ರಗಳಲ್ಲಿ ಒಂದು ದೂರು ತಪ್ಪುವುದಿಲ್ಲ. ಮೂವರು ಮೂರು ಕಡೆ ನಿಂತು ಚಿತ್ರೀಕರಿಸಿರುತ್ತಾರೆ. ಕಂಪ್ಯೂಟರಿಗೆ ಹಾಕಿದರೆ ಒಂದರಲ್ಲಿ ಧ್ವನಿ ಇದೆ, ಚಿತ್ರವಿಲ್ಲ. ಇನ್ನೊಂದು ಹೆಜ್ಜೆಹೆಜ್ಜೆಗೂ ನಿಂತು ನಿಂತು ಓಡುತ್ತದೆ. ಮತ್ತೊಂದರಲ್ಲಿ ಚೆಂಡೆಯ ಮೇಲೆ ಕೋಲು ಬಿದ್ದು ಎಷ್ಟೋ ಹೊತ್ತಾದ ಮೇಲೆ ಸದ್ದು ಬರುತ್ತದೆ! ರೇಡಿಯೋದವರಿಗೆ ಚಿತ್ರದ ಉಸಾಬರಿ ಯಾಕೆ ಅನ್ನಬೇಡಿ. ಸದ್ದು ತಪ್ಪಿದರೆ ಮೊದಲು ಮೈ ಪರಚಿಕೊಳ್ಳುವವರು ನಾವೇ. ಜೊತೆಗೆ ಕನ್ನಡ ಬಿ.ಎ. ಮಾಡಿದವನಿಗೇ ಅರ್ಥವಾದ ವಿಷಯ, ನಿಮಗೂ ಆಗುತ್ತದೆ.

ನಿಮ್ಮ ಅಡುಗೆಮನೆಯ ಕಪಾಟನ್ನು ನೆನೆಸಿಕೊಳ್ಳಿ. ಹಾರ್ಲಿಕ್ಸ್ ಬಾಟಲಿಯಲ್ಲಿ ಮೆಂತ್ಯ, ಬೋರ್ನ್‌ವೀಟಾ ಡಬ್ಬಿಯಲ್ಲಿ ಸಾಸಿವೆ ಇರುತ್ತದಲ್ಲವೇ? ಫೈಲಿನ ಹೆಸರಿನ ಕೊನೆಗೆ ಬರುವ ಎಂಪಿ4, ಎಂಒವಿ, ಎವಿಐ, ಎಂಕೆವಿ ಇವೆಲ್ಲ ಬರೀ ಡಬ್ಬಿಗಳು. ಒಳಗೆ ಚಿತ್ರವನ್ನು ಯಾವ ರೀತಿ ಕುಗ್ಗಿಸಿ ತುಂಬಿದ್ದಾರೆ ಎನ್ನುವುದೇ ಕೋಡೆಕ್. ಕೋಡರ್, ಡಿಕೋಡರ್ ಎರಡನ್ನೂ ಕತ್ತರಿಸಿ ಅಂಟಿಸಿದ ಪದ ಅದು. ನಮ್ಮ ಕೇಶಿರಾಜ ಇದ್ದಿದ್ದರೆ ಈ ಸಮಾಸವನ್ನು ಒಪ್ಪುತ್ತಿದ್ದನೋ ಇಲ್ಲವೋ! ಒಂದೇ ಎಂಪಿ4 ಡಬ್ಬಿಯಲ್ಲಿ 2003ರಲ್ಲಿ ಬಂದ ಎಚ್.264 ಇರಬಹುದು, 2013ರ ಎಚ್.265 ಇರಬಹುದು. ಎರಡನೆಯದಕ್ಕೆ ಎಚ್‌ಇವಿಸಿ ಎಂದೂ ಹೆಸರು. ಜಾಗ ಕಡಿಮೆ ಸಾಕು, ಆದರೆ ಬಿಚ್ಚುವುದಕ್ಕೆ ಕಂಪ್ಯೂಟರಿಗೆ ಶ್ರಮ ಜಾಸ್ತಿ. ಐಫೋನು 2017ರಿಂದ ಇದನ್ನು ಬಳಸುತ್ತಿದೆ. ಹಳೆಯ ಕಂಪ್ಯೂಟರಿನಲ್ಲಿ ಧ್ವನಿ ಮಾತ್ರ ಕೇಳಿ ಚಿತ್ರ ಕಾಣದಿದ್ದರೆ ಮೊದಲು ಇದನ್ನೇ ಅನುಮಾನಿಸಿ. ಫೈಲಿನ ಹೆಸರನ್ನು ಎಂಒವಿಯಿಂದ ಎಂಪಿ4 ಎಂದು ತಿದ್ದಿದರೆ ಪ್ರಯೋಜನವಿಲ್ಲ. ಡಬ್ಬಿಯ ಚೀಟಿ ಬದಲಾದರೆ ಮೆಂತ್ಯ ಸಾಸಿವೆಯಾಗುತ್ತದೆಯೇ? ಒಳಗೇನಿದೆ ಎಂದು ತಿಳಿಯಲು ಮೀಡಿಯಾಇನ್ಫೋ ಎಂಬ ಉಚಿತ ತಂತ್ರಾಂಶವಿದೆ. ಫೈಲನ್ನು ಅದರೊಳಗೆ ಹಾಕಿದರೆ ಜಾತಕವೆಲ್ಲ ಬಿಚ್ಚಿಡುತ್ತದೆ.

ಇನ್ನು ನಿಂತು ನಿಂತು ಓಡುವ ಕಾಯಿಲೆ. ಎಚ್.264, ಎಚ್.265 ಎರಡೂ ಸಾಮಾನ್ಯವಾಗಿ ಪ್ರತಿ ಚೌಕಟ್ಟನ್ನು ಪೂರ್ತಿ ಬರೆದಿಡುವುದಿಲ್ಲ. ಒಂದನ್ನು ಪೂರ್ತಿ ಬರೆದು, ಮುಂದಿನವುಗಳಲ್ಲಿ ಬದಲಾದದ್ದನ್ನಷ್ಟೇ ಟಿಪ್ಪಣಿ ಮಾಡಿಕೊಳ್ಳುತ್ತವೆ. ವಾರಪತ್ರಿಕೆಯ ಧಾರಾವಾಹಿಯಲ್ಲಿ ಹದಿನೇಳನೆಯ ಕಂತನ್ನು ಮಾತ್ರ ಓದಿದರೆ ಕತೆ ತಿಳಿಯುವುದೇ? ನೀವು ಮಧ್ಯದಲ್ಲೆಲ್ಲೋ ಕತ್ತರಿ ಹಾಕಿದಾಗ ಕಂಪ್ಯೂಟರು ಹಿಂದಿನ ಕಂತುಗಳನ್ನೆಲ್ಲ ಓದಿಕೊಂಡು ಬರಬೇಕು. ನೋಡುವುದಕ್ಕೆ ಸೊಗಸಾಗಿರುವ ಫೈಲು ಸಂಕಲನಕ್ಕೆ ಮೊಂಡಾಟ ಮಾಡುವುದು ಇದಕ್ಕೇ.

ಅದಕ್ಕೆಂದೇ ಪ್ರತಿ ಚೌಕಟ್ಟನ್ನೂ ಸ್ವತಂತ್ರವಾಗಿ ಬರೆಯುವ ಕೋಡೆಕ್‌ಗಳಿವೆ. ಎವಿಡ್ ಕಂಪನಿಯ ಡಿಎನ್‌ಎಕ್ಸ್‌ಎಚ್‌ಡಿ, ಆಪಲ್‌ನವರು 2007ರಲ್ಲಿ ತಂದ ಪ್ರೊರೆಸ್ ಇಂಥವು. ಕತ್ತರಿ ಬೆಣ್ಣೆಯಂತೆ ಓಡುತ್ತದೆ, ಆದರೆ ಪ್ರೊರೆಸ್ 422ರಲ್ಲಿ ಒಂದು ಗಂಟೆಯ ಪೂರ್ಣ ಎಚ್‌ಡಿ ಚಿತ್ರಕ್ಕೆ ಸುಮಾರು 55 ಜಿಬಿ ಬೇಕು. ಮೂರು ಕ್ಯಾಮೆರಾ, ಮೂರು ಗಂಟೆಯ ಪ್ರಸಂಗ ಅಂದರೆ 500 ಜಿಬಿ ಹತ್ತಿರ! ಆದ್ದರಿಂದ ಸಂಘದ ಕೆಲಸಕ್ಕೆ ಪ್ರಾಕ್ಸಿಯೇ ಸಾಕೆಂದು ನನ್ನ ಅಭಿಪ್ರಾಯ. ಸಣ್ಣ ಗಾತ್ರದ ನಕಲನ್ನು ಇಟ್ಟುಕೊಂಡು ಕತ್ತರಿಸುವುದು, ಕಡೆಯಲ್ಲಿ ತಂತ್ರಾಂಶವೇ ಮೂಲ ಫೈಲಿನಿಂದ ಅಂತಿಮ ಪ್ರತಿ ತೆಗೆಯುವುದು. ಪ್ರೀಮಿಯರ್, ರಿಸಾಲ್ವ್, ಉಚಿತವಾದ ಶಾಟ್‌ಕಟ್ ಎಲ್ಲದರಲ್ಲೂ ಈ ಅನುಕೂಲವಿದೆ. ಅಂದಹಾಗೆ, ದೊಡ್ಡ ಕೋಡೆಕ್‌ಗೆ ಬದಲಾಯಿಸಿದರೆ ಚಿತ್ರ ಚಂದವಾಗುತ್ತದೆ ಎಂಬ ನಂಬಿಕೆ ಬಿಡಿ. ನೀರು ಮಜ್ಜಿಗೆಯನ್ನು ದೊಡ್ಡ ಪಾತ್ರೆಗೆ ಸುರಿದರೆ ಗಟ್ಟಿಯಾಗುವುದಿಲ್ಲ.

ಚೆಂಡೆಯ ವಿಷಯಕ್ಕೆ ಬರೋಣ, ನನಗೆ ಇಷ್ಟವಾದ ಭಾಗ. ಫೋನುಗಳು ಸೆಕೆಂಡಿಗೆ 30 ಚೌಕಟ್ಟು ಎಂದು ಹೇಳಿದರೂ ಲೆಕ್ಕ ಬಿಗಿಯಾಗಿ ಇಡುವುದಿಲ್ಲ. ಬೆಳಕು ಕಡಿಮೆಯಾದರೆ, ಫೋನು ಬಿಸಿಯಾದರೆ ಒಂದೆರಡು ಬಿಟ್ಟುಬಿಡುತ್ತವೆ. ಧ್ವನಿ ಮಾತ್ರ ಸೆಕೆಂಡಿಗೆ 48,000 ಮಾದರಿಗಳಂತೆ ನಿಯತ್ತಾಗಿ ದಾಖಲಾಗುತ್ತದೆ. ಸರಾಸರಿ 29.9 ಬಂದಿದೆ ಎಂದುಕೊಳ್ಳಿ. ಅರ್ಧ ಗಂಟೆಗೆ 53,820 ಚೌಕಟ್ಟು. ಸಂಕಲನದ ತಂತ್ರಾಂಶ ಅದನ್ನು ಸರಿಯಾದ 30 ಎಂದು ನಂಬಿ ಓಡಿಸಿದರೆ 1,794 ಸೆಕೆಂಡಿಗೇ ಚಿತ್ರ ಮುಗಿಯಿತು, ಧ್ವನಿಗೆ ಇನ್ನೂ ಆರು ಸೆಕೆಂಡು ಬಾಕಿ! ಮೊದಲ ಪದ್ಯದಲ್ಲಿ ಗೊತ್ತೇ ಆಗುವುದಿಲ್ಲ. ಮಂಗಳದ ಹೊತ್ತಿಗೆ ಭಾಗವತರ ಬಾಯಿ ಒಂದು ಕಡೆ, ಹಾಡು ಒಂದು ಕಡೆ. ಆಗ ಧ್ವನಿಯನ್ನು ಒಂದೆರಡು ಸೆಕೆಂಡು ಹಿಂದೆ ಮುಂದೆ ಜಗ್ಗಿ ಸರಿಮಾಡಲು ಹೋಗಬೇಡಿ. ಒಂದು ಕಡೆ ಕೂಡಿದರೆ ಇನ್ನೊಂದು ಕಡೆ ತಪ್ಪುತ್ತದೆ. ಸಂಕಲನಕ್ಕೆ ಮೊದಲೇ ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಕಾನ್‌ಸ್ಟಂಟ್ ಫ್ರೇಮ್‌ರೇಟ್ ಆರಿಸಿ ಫೈಲನ್ನು ಹೊಸದಾಗಿ ಬರೆಸಿ. ಶಾಟ್‌ಕಟ್ ಆದರೆ ಇಂಥ ಫೈಲು ತೆರೆದಾಗ ತಾನಾಗಿಯೇ ಬದಲಾಯಿಸಲೇ ಎಂದು ಕೇಳುತ್ತದೆ, ಹೂಂ ಎನ್ನಿ.

ವಾಟ್ಸಾಪಿನಲ್ಲಿ ಮಾಮೂಲಿ ವಿಡಿಯೋ ಆಗಿ ಕಳಿಸಿದ್ದನ್ನು ಸಂಕಲನಕ್ಕೆ ಇಟ್ಟುಕೊಳ್ಳಲೇಬೇಡಿ, ಅದು ಹಿಂಡಿ ಬಿಟ್ಟ ಕಬ್ಬು. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಇಲ್ಲವೇ ಪೆನ್‌ಡ್ರೈವಿನಲ್ಲಿ ತರಿಸಿಕೊಳ್ಳಿ. 2006ರ ನಂತರದ ಎವಿಸಿಎಚ್‌ಡಿ ಹ್ಯಾಂಡಿಕ್ಯಾಮ್ ಇದ್ದವರು ಕಾರ್ಡಿನಿಂದ ಎಂಟಿಎಸ್ ಫೈಲುಗಳನ್ನಷ್ಟೇ ಹೆಕ್ಕದೆ, ಇಡೀ ಫೋಲ್ಡರನ್ನು ಹಾಗೆಯೇ ನಕಲು ಮಾಡಿ. ದೀರ್ಘ ದೃಶ್ಯವನ್ನು ಕ್ಯಾಮೆರಾ ತುಂಡು ತುಂಡಾಗಿ ಬರೆದಿರುತ್ತದೆ. ಬಿಡಿಯಾಗಿ ಜೋಡಿಸಿದರೆ ಆ ಸಂದಿನಲ್ಲಿ ಧ್ವನಿ ಒಂದು ಕ್ಷಣ ನುಂಗಿಹೋಗಬಹುದು.

ಕಡೆಯದಾಗಿ, ಕಪಾಟಿನಲ್ಲಿ ಮಿನಿ ಡಿವಿ ಕ್ಯಾಸೆಟ್ ಇಟ್ಟುಕೊಂಡವರಿಗೆ. ಅಜ್ಜಿಯ ಸೋಬಾನೆ, ಊರಿನ ತೇರು, ಈಗ ಇಲ್ಲದವರ ಮಾತು ಅದರಲ್ಲಿರಬಹುದು. ಕ್ಯಾಸೆಟ್ಟಿಗೂ ವಯಸ್ಸಾಗುತ್ತದೆ, ಅದನ್ನು ಓಡಿಸುವ ಯಂತ್ರ ಅದಕ್ಕಿಂತ ಬೇಗ ಕೆಡುತ್ತದೆ. ಒಳ್ಳೆಯ ಸುದ್ದಿ ಏನೆಂದರೆ, ಅದರಲ್ಲಿರುವುದು ಈಗಾಗಲೇ ಡಿಜಿಟಲ್. ಫೈರ್‌ವೈರ್ ತಂತಿಯಲ್ಲಿ ಇಳಿಸಿದರೆ ಗಂಟೆಗೆ ಸುಮಾರು 13 ಜಿಬಿಯಂತೆ ಇದ್ದದ್ದು ಇದ್ದ ಹಾಗೆ ಬರುತ್ತದೆ. ಅಂಗಡಿಯವರು ಡಿವಿಡಿ ಮಾಡಿಕೊಡುತ್ತೇವೆ ಎನ್ನುತ್ತಾರೆ. ಅದು ಮತ್ತೊಮ್ಮೆ ಕುಗ್ಗಿಸಿದ ಪ್ರತಿ, ಬೇಕಿದ್ದರೆ ಜೊತೆಗೆ ತೆಗೆದುಕೊಳ್ಳಿ. ಆದರೆ ಮೂಲ ಡಿವಿ ಫೈಲನ್ನು ಹಾರ್ಡ್‌ಡಿಸ್ಕಿಗೆ ಹಾಕಿಕೊಡಲು ಮೊದಲೇ ಹೇಳಿ, ಕ್ಯಾಸೆಟ್ಟನ್ನೂ ಮರೆಯದೆ ವಾಪಸ್ ತನ್ನಿ.