ಉರಿದರೆ ಮಾತ್ರ ಔಷಧಿಯೇ?



ನಮ್ಮ ಶಾಲೆಯಲ್ಲಿ ದಿನಕ್ಕೆ ಒಬ್ಬರಾದರೂ ಬಿದ್ದು ಮಂಡಿ ತರಚಿಕೊಳ್ಳುತ್ತಾರೆ. ಮನೆಗೆ ಹೋದರೆ ಕುಡುಗೋಲು, ಮಚ್ಚು, ಬೇಲಿ ಮುಳ್ಳು ಇದ್ದೇ ಇವೆ. ಗಾಯ ಆದ ಕೂಡಲೇ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕಾಫಿ ಪುಡಿ ಮೆತ್ತು ಅಂತಾರೆ, ಸುಣ್ಣ ಹಚ್ಚು ಅಂತಾರೆ, ಟಿಂಚರ್ ಹಾಕು ಅಂತಾರೆ. ಔಷಧಿಯನ್ನೇ ತಪ್ಪಾಗಿ ಹಾಕಿಸಿಕೊಂಡು ನಾನು ಇಪ್ಪತ್ತು ದಿನ ಕುಂಟಿದೆ. ನಿಮಗೆ ಹಾಗಾಗದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಕಳೆದ ವರ್ಷ ಹೊಲದಲ್ಲಿ ಶುಂಠಿ ಕೀಳುವಾಗ ಗುದ್ದಲಿಯ ಮೂಲೆ ನನ್ನ ಎಡಗಾಲಿನ ಪಾದಕ್ಕೆ ತಾಗಿತು. ಗಾಯ ಬೆರಳಿನ ಒಂದು ಗೆಣ್ಣಿನಷ್ಟು ಉದ್ದ, ಅಷ್ಟೇ. ಅಜ್ಜಿ ಕಾಫಿ ಪುಡಿ ಹಿಡಿದು ಬಂದರು. ಚಿಕ್ಕಪ್ಪ "ಅದೆಲ್ಲ ಹಳೇ ಕಾಲದ್ದು" ಎಂದು ಬಚ್ಚಲ ಮನೆಯಲ್ಲಿದ್ದ ಆಂಟಿಸೆಪ್ಟಿಕ್ ಸೀಸೆ ತಂದು, ನೀರು ಬೆರೆಸದೆ ಹತ್ತಿಗೆ ಹಂಗೇ ಸುರಿದು, ಗಾಯದ ಮೇಲಿಟ್ಟು ಬಟ್ಟೆ ಬಿಗಿದು ಕಟ್ಟಿದರು. ಮಣ್ಣು ತೊಳೆಯಲೇ ಇಲ್ಲ. ಉರಿ ತಾಳಲಾರದೆ ಅತ್ತುಬಿಟ್ಟೆ. "ಸುಮ್ನಿರವ್ವ, ಉರೀತದೆ ಅಂದ್ರೆ ಕ್ರಿಮಿ ಸಾಯ್ತವೆ ಅಂತ" ಎಂದರು. ನಾನೂ ನಂಬಿದೆ.

ಮೂರನೇ ದಿನ ಕಟ್ಟು ಬಿಚ್ಚಿದಾಗ ಗಾಯದ ಸುತ್ತ ಬಿಸಿನೀರು ಬಿದ್ದ ಹಾಗೆ ಚರ್ಮ ಕೆಂಪಾಗಿ ಗುಳ್ಳೆ ಎದ್ದಿತ್ತು. ಒಳಗೆ ಮಣ್ಣು ಹಾಗೇ ಇತ್ತು, ಕೀವೂ ಆಗಿತ್ತು. ಆಸ್ಪತ್ರೆಯ ಸಿಸ್ಟರ್ ಬೆರಳಿನಲ್ಲಿ ಅಳೆದು, "ಗುದ್ದಲಿ ಮಾಡಿದ ಗಾಯ ಇಷ್ಟು, ಔಷಧಿ ಮಾಡಿದ ಗಾಯ ಇಷ್ಟು" ಎಂದು ತೋರಿಸಿದರು. ಔಷಧಿ ಮಾಡಿದ್ದೇ ದೊಡ್ಡದು! ತಾಲ್ಲೂಕು ಮಟ್ಟದ ಖೋ-ಖೋ ಪಂದ್ಯಕ್ಕೆ ನಮ್ಮ ತಂಡ ನಾನಿಲ್ಲದೆ ಹೋಯಿತು.

ಹಾಗಾದರೆ ಆಂಟಿಸೆಪ್ಟಿಕ್ ಕೆಟ್ಟದ್ದೇ? ಖಂಡಿತ ಅಲ್ಲ. ಹಿಂದೆ ಸಣ್ಣ ಗಾಯವೂ ನಂಜಾಗಿ ಜನ ಸಾಯುತ್ತಿದ್ದರು. 1865ರಲ್ಲಿ ಗ್ಲಾಸ್ಗೋ ನಗರದಲ್ಲಿ ಜೋಸೆಫ್ ಲಿಸ್ಟರ್ ಎಂಬ ವೈದ್ಯರು, ಗಾಡಿಯ ಚಕ್ರ ಹರಿದು ಕಾಲು ಮುರಿದಿದ್ದ 11 ವರ್ಷದ ಹುಡುಗನ ಗಾಯಕ್ಕೆ ಕಾರ್ಬಾಲಿಕ್ ಆಮ್ಲ ಹಾಕಿ ಕಟ್ಟಿದರು. ನಂಜಾಗಲಿಲ್ಲ, ಸುಮಾರು ಆರು ವಾರಕ್ಕೆ ಕಾಲು ಕೂಡಿಕೊಂಡಿತು. ಆದರೆ ಆಮ್ಲದಿಂದ ಆ ಹುಡುಗನ ಚರ್ಮ ಕೆರಳಿತ್ತು. ಆದ್ದರಿಂದ ಲಿಸ್ಟರ್ ಅದನ್ನು ನೀರಿನಲ್ಲಿ, ಆಮೇಲೆ ಆಲಿವ್ ಎಣ್ಣೆಯಲ್ಲಿ ತೆಳು ಮಾಡಿ ಹಾಕಿದರು. ಅಂದರೆ ಈ ವಿದ್ಯೆ ಶುರುವಾದಾಗಿನಿಂದಲೂ ಅಳತೆಯೇ ಮುಖ್ಯ.

ಏಕೆಂದರೆ ಇದು ಕ್ರಿಮಿ, ಇದು ಹೊಸದಾಗಿ ಬೆಳೆಯುವ ಮಾಂಸ ಎಂಬ ಭೇದ ಆ ದ್ರಾವಣಕ್ಕೆ ತಿಳಿಯದು. ಕಳೆನಾಶಕ ಅಳತೆ ಮೀರಿದರೆ ಬೆಳೆಯೂ ಸುಡುವುದಿಲ್ಲವೇ? ಇದೂ ಹಾಗೆಯೇ. ಕ್ರಿಮಿ ಸಾಯುವುದು ನಮಗೆ ಗೊತ್ತೇ ಆಗುವುದಿಲ್ಲ. ಉರಿಯುವುದು ನಮ್ಮದೇ ನರ.

ಸಿಸ್ಟರ್ ನನಗೆ ಹೇಳಿಕೊಟ್ಟ ಕ್ರಮ ಹೀಗಿದೆ:

1. ಮೊದಲು ನಿಮ್ಮ ಕೈಯನ್ನು ಸೋಪು ಹಾಕಿ ತೊಳೆಯಿರಿ. ರಕ್ತ ಬರುತ್ತಿದ್ದರೆ ಶುಭ್ರವಾದ ಬಟ್ಟೆ ಇಟ್ಟು ಒತ್ತಿ ಹಿಡಿಯಿರಿ.

2. ರಕ್ತ ನಿಂತ ಮೇಲೆ ನಲ್ಲಿಯ ಹರಿಯುವ ನೀರಿನಲ್ಲಿ ಮಣ್ಣು ಹೋಗುವ ತನಕ ತೊಳೆಯಿರಿ. ಕೆರೆ ನೀರು ಬೇಡ. ಸುತ್ತಲಿನ ಚರ್ಮಕ್ಕೆ ಸೋಪು ಹಚ್ಚಬಹುದು. ಅರ್ಧ ಚಿಕಿತ್ಸೆ ಇಲ್ಲೇ ಮುಗಿಯಿತು. ಸಣ್ಣ ತರಚಿಗೆ ಎಷ್ಟೋ ಸಲ ಇಷ್ಟೇ ಸಾಕು.

3. ಸೀಸೆಯ ಲೇಬಲ್ ಓದಿ. ನೀರಿಗೆ ಬಿದ್ದರೆ ಹಾಲಿನ ಹಾಗೆ ಬೆಳ್ಳಗಾಗುವ ಕ್ಲೋರೋಕ್ಸೈಲೆನಾಲ್ ದ್ರಾವಣವನ್ನು ಹಾಗೇ ಹಾಕಲೇಬಾರದು. ಗಾಯ ತೊಳೆಯಲು ಸಾಮಾನ್ಯವಾಗಿ 1 ಪಾಲಿಗೆ 20 ಪಾಲು ನೀರು. ಆದರೂ ನಿಮ್ಮ ಸೀಸೆಯಲ್ಲಿ ಬರೆದ ಅಳತೆಯೇ ಸರಿ. ಕಂದು ಬಣ್ಣದ ಪೊವಿಡೋನ್ ಅಯೋಡಿನ್ ಅನ್ನು ಸಾಮಾನ್ಯವಾಗಿ ಹಾಗೇ ತೆಳ್ಳಗೆ ಹಚ್ಚುತ್ತಾರೆ. ಆದರೆ ಎಳೆಗೂಸು, ಗರ್ಭಿಣಿ, ಬಾಣಂತಿ, ಥೈರಾಯ್ಡ್ ತೊಂದರೆ ಇರುವವರು ಮತ್ತು ಅಯೋಡಿನ್ ಆಗದವರಿಗೆ ವೈದ್ಯರನ್ನು ಕೇಳದೆ ಹಚ್ಚಬೇಡಿ.

4. ಒಂದರ ಮೇಲೆ ಇನ್ನೊಂದು ಔಷಧಿ ಬೆರೆಸಬೇಡಿ. ಕಣ್ಣು, ಕಿವಿಯೊಳಗೆ ಬೀಳಿಸಬೇಡಿ. ಗಾಯ ಮುಟ್ಟಿದ ಹತ್ತಿಯನ್ನು ಸೀಸೆಯ ಬಾಯಿಗೆ ತಾಗಿಸಬೇಡಿ.

5. ದ್ರಾವಣದಲ್ಲಿ ನೆನೆಸಿದ ಹತ್ತಿಯನ್ನು ಗಾಯಕ್ಕೆ ಕಟ್ಟಿ ಬಿಡಬೇಡಿ. ಒಣಗಿದ ಶುಭ್ರ ಬಟ್ಟೆಯನ್ನು ಸಡಿಲವಾಗಿ ಕಟ್ಟಿ, ದಿನಾ ಬದಲಿಸಿ.

6. ಸೀಸೆಯನ್ನು ಚಿಕ್ಕ ಮಕ್ಕಳ ಕೈಗೆ ಸಿಗದಂತೆ ಇಡಿ. ಕೂಲ್‌ಡ್ರಿಂಕ್ಸ್ ಬಾಟಲಿಗೆ ಸುರಿದಿಡಬೇಡಿ. ಯಾರಾದರೂ ಕುಡಿದುಬಿಟ್ಟರೆ ವಾಂತಿ ಮಾಡಿಸದೆ, ಸೀಸೆ ಸಮೇತ ಆಸ್ಪತ್ರೆಗೆ ಓಡಿ.

ಇನ್ನು, ಯಾವ ಸೀಸೆಯೂ ಮಾಡಲಾರದ ಕೆಲಸಗಳಿವೆ. ಮಣ್ಣಿನಲ್ಲಿ, ಸಗಣಿಯಲ್ಲಿ ಧನುರ್ವಾಯು ರೋಗದ ಕ್ರಿಮಿ ಇರುತ್ತದೆ. ಮೊಳೆ, ಮುಳ್ಳು ಆಳಕ್ಕೆ ಚುಚ್ಚಿದಾಗ ಅದು ಗಾಳಿ ಆಡದ ಜಾಗ ಸೇರುತ್ತದೆ, ಮೇಲೆ ಹಚ್ಚಿದ ಔಷಧಿ ಅಲ್ಲಿಗೆ ಮುಟ್ಟುವುದಿಲ್ಲ. ಅದಕ್ಕೆ ಚುಚ್ಚುಮದ್ದೇ ಬೇಕು. 10 ಮತ್ತು 16ನೇ ವಯಸ್ಸಿನಲ್ಲಿ ಕೊಡುವ ಟಿ.ಡಿ. ಲಸಿಕೆಯನ್ನು ಹೆದರಿ ತಪ್ಪಿಸಿಕೊಳ್ಳಬೇಡಿ.

ನಾಯಿ, ಕೋತಿ ಕಚ್ಚಿದರೆ ಸೋಪು ಮತ್ತು ಹರಿಯುವ ನೀರಿನಲ್ಲಿ ಪೂರ್ತಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು. ಖಾರದ ಪುಡಿ, ಸುಣ್ಣ ಹಾಕಬಾರದು. ಹುಚ್ಚುನಾಯಿ ರೋಗ ಬಂದ ಮೇಲೆ ಉಳಿಯುವುದು ತೀರಾ ಅಪರೂಪ. ಬರದಂತೆ ತಡೆಯಲು ಲಸಿಕೆ ಇದೆ.

ಹತ್ತು ನಿಮಿಷ ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ, ಗಾಯ ಆಳವಾಗಿದ್ದರೆ, ಕೆಂಪು ಹರಡಿದರೆ, ಕೀವು ಅಥವಾ ಜ್ವರ ಬಂದರೆ, ಗಾಯವಾದವರಿಗೆ ಸಕ್ಕರೆ ಕಾಯಿಲೆ ಇದ್ದರೆ ಮನೆಮದ್ದು ಸಾಕು, ವೈದ್ಯರ ಹತ್ತಿರ ಹೋಗಿ.

ಅತಿಯಾದರೆ ಅಮೃತವೂ ವಿಷ ಎಂದು ಹಿರಿಯರು ಹೇಳಿದ್ದಾರೆ. ಚಿಕ್ಕಪ್ಪ ನನ್ನ ಮೇಲಿನ ಪ್ರೀತಿಯಿಂದಲೇ ಹಾಗೆ ಮಾಡಿದ್ದು, ಅಳತೆ ಮಾತ್ರ ಗೊತ್ತಿರಲಿಲ್ಲ. ಈಗ ನಮ್ಮ ಮನೆಯ ಸೀಸೆಗೆ ಅವರೇ ಒಂದು ಚೀಟಿ ಅಂಟಿಸಿದ್ದಾರೆ. ಅದರಲ್ಲಿ ಇರುವುದು ಎರಡೇ ಪದ: "ಮೊದಲು ನೀರು."

ನೀವೂ ಇವತ್ತು ಮನೆಗೆ ಹೋಗಿ ನಿಮ್ಮ ಸೀಸೆಯ ಲೇಬಲ್ ಓದಿ, ಅವಧಿ ಮುಗಿದಿದೆಯೇ ನೋಡಿ. ಓದಲು ಬಾರದ ಅಜ್ಜ ಅಜ್ಜಿಗೆ ಓದಿ ಹೇಳಿ.

— 9ನೇ ತರಗತಿ ವಿದ್ಯಾರ್ಥಿನಿ, ಹಳೇಬೀಡು